ಚಕ್ಕುಬಂದಿಯಿಂದ ಕಳೆದುಹೋದ ಹಳ್ಳ

ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಮೂವತ್ತು ನಲವತ್ತರ ನಿವೇಶನ ಕೊಂಡು ಮನೆ ಕಟ್ಟಿಸಿದ್ದರು. 2022ರ ಸೆಪ್ಟೆಂಬರ್ ಮಳೆಗೆ ಅವರ ಅಡುಗೆಮನೆಯ ಕಟ್ಟೆಯವರೆಗೂ ನೀರು ಬಂತು. ನೀರು ಇಳಿದ ಮೂರನೆಯ ದಿನ ನಾನು ಹೋದಾಗ ಗೋಡೆಯುದ್ದಕ್ಕೂ ಕಂದು ಗೆರೆಯೊಂದು ಕಾಣುತ್ತಿತ್ತು, ಗಾರೆಯವನು ನೂಲು ಹಿಡಿದು ಎಳೆದಷ್ಟು ನೇರವಾಗಿ. ಸಂಪಿಗೆ ಚರಂಡಿ ನೀರು ಸೇರಿತ್ತು. ಅಕ್ಕಿ ಡಬ್ಬದ ಮುಚ್ಚಳ ಹಿತ್ತಲಿನಲ್ಲಿ ಬಿದ್ದಿತ್ತು. ಮೇಷ್ಟ್ರು ಅದಾವುದನ್ನೂ ತೋರಿಸದೆ ಅಟ್ಟದ ಮೇಲಿಂದ ಒಂದು ಫೈಲು ಇಳಿಸಿ ನನ್ನ ಮುಂದಿಟ್ಟರು. ಕ್ರಯಪತ್ರ, ಖಾತೆ, ಋಣಭಾರ ಪತ್ರ, ಭೂ ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಒಂದೂ ತಪ್ಪದಂತೆ ಕಟ್ಟಿದ ಕಂದಾಯದ ರಸೀದಿಗಳು. "ಇದರಲ್ಲಿ ಯಾವ ಕಾಗದ ಕಡಿಮೆಯಿದೆ, ನೀವೇ ನೋಡಿ ಹೇಳಿ" ಎಂದರು.

ಕಾಗದ ಯಾವುದೂ ಕಡಿಮೆ ಇರಲಿಲ್ಲ. ಆದರೆ ಫೈಲಿನ ತಳದಲ್ಲಿ ಮೂಲಪತ್ರದ ನಕಲೊಂದಿತ್ತು. ಆ ಜಮೀನು ಇನ್ನೂ ರಾಗಿ ಹೊಲವಾಗಿದ್ದ ಕಾಲದ್ದು. ಅದರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಸಾಲಿನಲ್ಲಿ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ ಎಂದು ಬರೆದಿತ್ತು. ಮೇಷ್ಟ್ರ ಕ್ರಯಪತ್ರದಲ್ಲಿ ಅದೇ ಉತ್ತರ ದಿಕ್ಕಿಗೆ ಬರೀ ಒಂದು ನಿವೇಶನದ ಸಂಖ್ಯೆ. ಹೊಲ ಬಡಾವಣೆಯಾಗುವಾಗ ಹಳ್ಳ ಬರವಣಿಗೆಯಿಂದ ಹೋಗಿತ್ತು. ನೆಲದಿಂದ ಹೋಗಿರಲಿಲ್ಲ.

ಪ್ರವಾಹ ಬಯಲಿನ, ಅಂದರೆ ನೆರೆ ಬಂದಾಗ ಮುಳುಗುವ ನೆಲದ, ನಿಯಮಗಳ ಚರ್ಚೆ ನಮ್ಮಲ್ಲಿ ಪ್ರತಿ ಮಳೆಗಾಲವೂ ಬರುತ್ತದೆ, ತೆರವಿನ ಜೆಸಿಬಿಯೊಂದಿಗೆ ಬಂದು ಜೆಸಿಬಿಯೊಂದಿಗೆ ಹೋಗುತ್ತದೆ. ಒತ್ತುವರಿ ಮಾಡಿದವರು ಯಾರು, ಕಣ್ಣು ಮುಚ್ಚಿದ ಅಧಿಕಾರಿ ಯಾರು ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದೊಂದಿದೆ. ಕಾನೂನು ಬಯಸಿದ ಎಲ್ಲ ಕಾಗದವನ್ನೂ ಇಟ್ಟುಕೊಂಡ ಮನುಷ್ಯನಿಗೆ, ತಾನು ಕೊಳ್ಳುತ್ತಿರುವುದು ನೀರಿನ ದಾರಿ ಎಂದು ಹೇಳುವ ಒಂದೇ ಒಂದು ಕಾಗದ ಏಕೆ ಸಿಗುವುದಿಲ್ಲ?

ಇದನ್ನು ಬಿಡಿಸಿ ನೋಡಬೇಕಾದರೆ ಜನ ಬೆರೆಸಿಬಿಡುವ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ಒಂದು, ಮಳೆನೀರು ಹರಿಯುವ ರಾಜಕಾಲುವೆ ಅಥವಾ ಹಳ್ಳದ ಜಾಗ. ಇನ್ನೊಂದು, ಅದರ ಪಕ್ಕದಲ್ಲಿ ಕಟ್ಟಡವಿಲ್ಲದೆ ಬಿಡಬೇಕಾದ ಬಫರ್ ವಲಯ. ಕಂದಾಯ ದಾಖಲೆಯಲ್ಲಿ ಖರಾಬು ಎರಡು ಬಗೆ. ಬಂಡೆ, ದಿಬ್ಬದಂಥ ಸಾಗುವಳಿಗೆ ಒದಗದ ನೆಲ 'ಎ' ಖರಾಬು. ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು 'ಬಿ' ಖರಾಬು. ಹಳ್ಳವು ಬಿ ಖರಾಬು ಎಂದು ದಾಖಲಾಗಿದ್ದರೆ ಅದು ಸರ್ಕಾರದ ಸ್ವತ್ತು. ಅದರ ಮೇಲೆ ಯಾರು ಯಾರಿಗೆ ಕ್ರಯ ಮಾಡಿಕೊಟ್ಟರೂ ಕೊಟ್ಟಂತಾಗುವುದಿಲ್ಲ, ಮನೆ ಒಡೆದರೆ ಪರಿಹಾರ ಕೇಳಲು ಆಧಾರವೂ ಇರುವುದಿಲ್ಲ. ಬಫರ್ ವಲಯದ ಕಥೆ ಬೇರೆ. ಆ ನೆಲ ನಿಮ್ಮದೇ, ಪಹಣಿಯಲ್ಲಿ ನಿಮ್ಮದೇ ಹೆಸರು, ಕಂದಾಯವೂ ನಿಮ್ಮದೇ. ಕಟ್ಟುವ ಹಕ್ಕು ಮಾತ್ರ ಇಲ್ಲ. ಎರಡೂ ಕಡೆಯವರಿಗೂ "ಒತ್ತುವರಿದಾರ" ಎಂಬ ಒಂದೇ ಹೆಸರು ಅಂಟಿಸುವುದರಿಂದ ಸ್ವಂತ ನೆಲದಲ್ಲಿ ಮನೆ ಕಟ್ಟಿದವನೂ ಸರ್ಕಾರಿ ಹಳ್ಳ ನುಂಗಿದವನೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಇದು ಅನ್ಯಾಯ. ಬೀದಿಗೆ ಬಿದ್ದ ಅಂಥ ಕುಟುಂಬಗಳನ್ನು ನೋಡಿದ ಮೇಲೆ ನನಗೆ ಇದನ್ನು ಮೆತ್ತಗೆ ಹೇಳಲು ಆಗುವುದಿಲ್ಲ.

ಬೆಂಗಳೂರಿನ ಮಟ್ಟಿಗೆ ಬಫರ್ ಎಷ್ಟು ಎಂಬುದೇ ಒಂದು ದೀರ್ಘ ಜಗ್ಗಾಟ. 2007ರಲ್ಲಿ ಅಂಗೀಕಾರವಾದ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಕೆರೆಯ ಸುತ್ತ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯ ಹಂತದ್ದಕ್ಕೆ 25, ತೃತೀಯ ಹಂತದ್ದಕ್ಕೆ 15 ಮೀಟರ್. ಕಾಲುವೆಗಳ ಅಳತೆ ಕಾಲುವೆಯ ಮಧ್ಯರೇಖೆಯಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ ಕೆರೆಗೆ 75, ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಎಂದಿತು, ಅದೂ ಅಂಚಿನಿಂದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಶಾಸನಬದ್ಧ ಮಹಾಯೋಜನೆಯನ್ನು ತಿದ್ದುವ ಅಧಿಕಾರ ಹಸಿರು ಮಂಡಳಿಗಿಲ್ಲ ಎಂಬುದು ಅದರ ನಿಲುವು. ಹಳೆಯ ಅಳತೆಯೇ ಮತ್ತೆ ಬಂತು. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದು ಆಮೇಲೆ ಹಿಂದಕ್ಕೆ ಹೋಯಿತು. ಹೀಗಾಗಿ ಸುಮಾರು ಎರಡು ದಶಕಗಳ ಹಿಂದೆ ಒಪ್ಪಿದ ಯೋಜನೆಯ ಅಂಕಿಗಳೇ ಈ ನಗರದ ನೀರಿನ ಲೆಕ್ಕವನ್ನು ಆಳುತ್ತ ಬಂದಿವೆ.

ಈ ಅಂಕಿಗಳನ್ನು ಒಂದು ನಿವೇಶನದ ಮೇಲೆ ಹಾಕಿ ನೋಡಿ. 25 ಮೀಟರ್ ಎಂದರೆ 82 ಅಡಿ. ಮೂವತ್ತು ನಲವತ್ತರ ನಿವೇಶನಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರೆ ಎರಡು ನಿವೇಶನಗಳ ಉದ್ದ. ಕಾಲುವೆಯ ನಡುವಿನಿಂದ ಅಳೆದರೆ ಎರಡನೆಯ ಮನೆಯ ಆಚೆ ಬದಿಯ ಗೋಡೆ ಬಫರ್‌ನ ಹೊರಗೆ ಬರಬಹುದು, ಅಂಚಿನಿಂದ ಅಳೆದರೆ ಒಳಗೆ. ಇನ್ನು ಕಾಲುವೆಯನ್ನು ಒಂದೇ ಮಗ್ಗುಲಿಗೆ ಅಗಲಿಸಿ ತಡೆಗೋಡೆ ಕಟ್ಟಿದರೆ ಮಧ್ಯರೇಖೆಯೇ ಸರಿಯುತ್ತದೆ. ನಿನ್ನೆ ಸಕ್ರಮವಾಗಿದ್ದ ಮನೆ ಇವತ್ತು ಅಲ್ಲ. ಇದರ ಜೊತೆಗೆ ಕಾಲುವೆ ಯಾವ ಹಂತದ್ದು ಎಂಬ ಪ್ರಶ್ನೆಯೂ ಉಂಟು. ಪ್ರಾಥಮಿಕವೋ ದ್ವಿತೀಯವೋ ಎಂಬ ಒಂದು ಪದದ ಮೇಲೆ ಇಪ್ಪತ್ತೈದು ಮೀಟರ್ ತೂಗುತ್ತದೆ.

ಇಷ್ಟೆಲ್ಲ ಜಗಳವಾಡಿದ ಮೇಲೂ ಬಫರ್‌ನಿಂದ ಮೇಷ್ಟ್ರ ಅಡುಗೆಮನೆ ಉಳಿಯುತ್ತಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಏಕೆಂದರೆ ಬಫರ್ ಒಂದು ಅಂತರ, ನೆರೆ ಒಂದು ಮಟ್ಟ. ಎತ್ತರದ ದಂಡೆಯ ಮೇಲೆ ಕಾಲುವೆಗೆ ಇಪ್ಪತ್ತು ಮೀಟರ್ ಹತ್ತಿರವಿರುವ ಮನೆ ಒಣಗಿರಬಹುದು. ಕೆರೆಯ ಕೋಡಿ ಹರಿಯುತ್ತಿದ್ದ ತಗ್ಗಿನಲ್ಲಿ ಇನ್ನೂರು ಮೀಟರ್ ದೂರವಿರುವ ಮನೆ ಮುಳುಗಬಹುದು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಪಣಿಯಾಗಿ ಕಟ್ಟಿದವು. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನದಕ್ಕೆ ಹೋಗಲೇಬೇಕು. ನಡುವೆ ನಾವು ಏನು ಕಟ್ಟಿದ್ದೇವೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಕರೆತರಬೇಕಾಗಿ ಬಂದದ್ದು ಹೀಗೆ ಕೆರೆ ತುಂಬಿ ಹರಿದಾಗಲೇ. ದಾರಿಗಳೇ ಎಷ್ಟು ಕುಗ್ಗಿವೆ ಎಂಬುದನ್ನು ಮಹಾಲೇಖಪಾಲರ ವರದಿ ಲೆಕ್ಕ ಹಾಕಿ ತೋರಿಸಿದೆ. ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆ ಜಾಲ 2016-17ರ ಹೊತ್ತಿಗೆ ಸುಮಾರು 63ಕ್ಕೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226ರಿಂದ 112ಕ್ಕೆ.

ಹಾಗಾದರೆ ಕಟ್ಟಡ ಪರವಾನಗಿ ನೋಡುವುದೇನನ್ನು? ಸುತ್ತ ಬಿಡಬೇಕಾದ ಜಾಗ, ಕಟ್ಟಡದ ಎತ್ತರ, ನೆಲಗಟ್ಟಿನ ಅನುಪಾತ, ಮುಂದಿನ ರಸ್ತೆಯ ಅಗಲ, ವಾಹನ ನಿಲುಗಡೆ. ಬಫರ್ ಇದ್ದರೆ ಅದನ್ನೂ ನೋಡಬೇಕು. ಆದರೆ ನೀರಿನ ಮಟ್ಟ? ಮೇಷ್ಟ್ರ ಮಂಜೂರಾದ ನಕ್ಷೆಯನ್ನು ನಾನು ಬಿಡಿಸಿ ನೋಡಿದೆ. ಅಡ್ಡ ಸೀಳಿನ ಚಿತ್ರದಲ್ಲಿ ರಸ್ತೆಯ ಮಟ್ಟಕ್ಕೆ 0.00 ಎಂದು ಬರೆದು, ಪಾಯದ ಮೇಲ್ಮಟ್ಟಕ್ಕೆ 0.60 ಎಂದು ಬರೆದಿತ್ತು. ಅಂದರೆ ಮನೆಯ ನೆಲ ರಸ್ತೆಗಿಂತ ಎರಡು ಅಡಿ ಎತ್ತರ. ಸರಿ, ಆ ರಸ್ತೆ ಎಷ್ಟು ಎತ್ತರದಲ್ಲಿದೆ? ಪಕ್ಕದ ಕಾಲುವೆಯ ತಳಕ್ಕಿಂತ ಎಷ್ಟು ಮೇಲೆ? ಮೇಲಿನ ಕೆರೆಯ ಕೋಡಿಗಿಂತ ಎಷ್ಟು ಕೆಳಗೆ? ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಆ ಸೊನ್ನೆ ಸಮುದ್ರ ಮಟ್ಟಕ್ಕೂ ಕಟ್ಟಿದ್ದಲ್ಲ, ಕಾಲುವೆಗೂ ಕಟ್ಟಿದ್ದಲ್ಲ. ಮನೆ ಕಟ್ಟಿದ ಮೇಲೆ ರಸ್ತೆಗೆ ಹಳೆಯ ಡಾಂಬರು ಕೆರೆಯದೆ ಮೇಲೆ ಮೇಲೆ ಪದರ ಹಾಕುತ್ತ ಹೋದರು. ಎರಡು ಅಡಿಯಲ್ಲಿ ಈಗ ಉಳಿದಿರುವುದು ಗೇಣುದ್ದ.

ಅಮೆರಿಕದಲ್ಲಿ 1968ರ ರಾಷ್ಟ್ರೀಯ ನೆರೆ ವಿಮಾ ಕಾನೂನಿನಿಂದ ಬೆಳೆದ ಪದ್ಧತಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಸೇರಿದ ಊರುಗಳಲ್ಲಿ ಯಾವುದೇ ವರ್ಷದಲ್ಲಿ ಶೇಕಡಾ 1ರಷ್ಟು ಸಂಭವವಿರುವ ನೆರೆ ಎಲ್ಲಿಯವರೆಗೆ, ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ನಕ್ಷೆ ಇರುತ್ತದೆ. ಆ ಪ್ರದೇಶದೊಳಗೆ ಏನು ಕಟ್ಟಬೇಕಾದರೂ ಪರವಾನಗಿ ಬೇಕು, ವಾಸದ ಮನೆಯ ಅತ್ಯಂತ ಕೆಳಗಿನ ಅಂತಸ್ತು ಆ ಮಟ್ಟಕ್ಕಾದರೂ ಏರಿರಬೇಕು. ಹಳೆಯ ಮನೆಯ ದುರಸ್ತಿಗೆ ಕಟ್ಟಡದ ಬೆಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಖರ್ಚಾಗುವುದಿದ್ದರೆ ಇಡೀ ಮನೆಯನ್ನೇ ಹೊಸ ನಿಯಮಕ್ಕೆ ತರಬೇಕು. ಅಲ್ಲಿಯೂ ನಕ್ಷೆಗಳು ಹಳತಾಗುತ್ತವೆ, ಜಗಳಗಳಿವೆ. ಆದರೂ ಮಟ್ಟವೆಂಬುದು ಅಲ್ಲಿ ಅಂಕಿಯಾಗಿ ಕಾಗದದ ಮೇಲೆ ಇದೆ.

ನಮ್ಮಲ್ಲಿ ಈ ಯೋಚನೆ ಹುಟ್ಟಲೇ ಇಲ್ಲವೆಂದಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ಪ್ರವಾಹ ಬಯಲು ವಲಯೀಕರಣದ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತ್ತು. ನೀರು ರಾಜ್ಯಪಟ್ಟಿಯ ವಿಷಯವಾದ್ದರಿಂದ ಕೇಂದ್ರ ಮಾದರಿ ಕೊಡಬಹುದೇ ಹೊರತು ಮೇಲಿಂದ ಹೇರಲಾಗದು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ ಕಾನೂನು ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. ಆಯೋಗದ ಆದ್ಯತೆಯ ವಿಂಗಡಣೆ ಓದಿದರೆ ಅದು ಎಷ್ಟು ಸರಳವೆಂದು ಅಚ್ಚರಿಯಾಗುತ್ತದೆ. ಕೈಗಾರಿಕೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷದ ನೆರೆಮಟ್ಟಕ್ಕಿಂತ ಮೇಲಿರಬೇಕು. ವಾಸದ ಮನೆ, ಕಚೇರಿಗಳು ಇಪ್ಪತ್ತೈದು ವರ್ಷದ ಮಟ್ಟಕ್ಕಿಂತ ಮೇಲಿರಬೇಕು, ಅಪಾಯದ ಜಾಗದಲ್ಲಿ ಕಂಬಗಳ ಮೇಲೆ ನಿಲ್ಲಬೇಕು. ಉದ್ಯಾನ, ಆಟದ ಮೈದಾನಗಳು ಪದೇ ಪದೇ ಮುಳುಗುವ ನೆಲದಲ್ಲೂ ಇರಬಹುದು. ನೆರೆಯ ಮಹಾರಾಷ್ಟ್ರ ಕಾನೂನಿಗೆ ಕಾಯದೆ 1989ರ ನೀರಾವರಿ ಇಲಾಖೆಯ ಆದೇಶದಿಂದಲೇ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆ ಎಳೆಯುವ ಕ್ರಮ ತಂದಿತು. ನೀಲಿ ಇಪ್ಪತ್ತೈದು ವರ್ಷದ್ದು, ಅದರೊಳಗೆ ಕಟ್ಟುವಂತಿಲ್ಲ. ಕೆಂಪು ನೂರು ವರ್ಷದ್ದು, ನಡುವಿನ ಪಟ್ಟಿಯಲ್ಲಿ ಷರತ್ತಿನ ಮೇಲೆ ಕಟ್ಟಬಹುದು. 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದ್ದನ್ನು ನೋಡಿದರೆ ರೇಖೆ ಎಳೆದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲವೆಂದು ಗೊತ್ತಾಗುತ್ತದೆ. ಆದರೆ ರೇಖೆಯೇ ಇಲ್ಲದಿದ್ದರೆ ಅದನ್ನು ಮೀರಿದವರು ಯಾರೆಂದು ಕೇಳುವುದೂ ಸಾಧ್ಯವಿಲ್ಲ.

"ನೂರು ವರ್ಷದ ನೆರೆ" ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಒಮ್ಮೆ ಬಂದರೆ ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ನಂಬುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಸಂಭವ ಎಂದು ಮಾತ್ರ. ಮೂವತ್ತು ವರ್ಷ ಅಲ್ಲಿ ವಾಸವಿದ್ದರೆ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವ ಶೇಕಡಾ 26. ಇಪ್ಪತ್ತೈದು ವರ್ಷದ ನೆರೆಯಾದರೆ ಅದೇ ಅವಧಿಯಲ್ಲಿ ಶೇಕಡಾ 70ಕ್ಕೂ ಹೆಚ್ಚು. ಗೃಹಸಾಲದ ಕಂತು ತೀರುವ ಮೊದಲೇ ನೀರು ಬರುವ ಲೆಕ್ಕವಿದು. ಅದೂ ಹಳೆಯ ಮಳೆಯ ದಾಖಲೆಗಳ ಮೇಲೆ ಕಟ್ಟಿದ ಲೆಕ್ಕ. ಬಯಲೆಲ್ಲ ಕಾಂಕ್ರೀಟ್ ಆದ ಮೇಲೆ ಅದೇ ಮಳೆ ಹೆಚ್ಚು ನೀರಾಗಿ, ಬೇಗ ಬರುತ್ತದೆ.

ನದಿತೀರದ ಊರುಗಳಿಗೆ ಈ ಮಾತನ್ನೇ ಹೀಗೇ ಹೇಳಲು ಬರುವುದಿಲ್ಲ. ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ದಂಡೆಯ ಹಳ್ಳಿಗಳು ಯಾವ ಯೋಜನಾ ಕಾಯ್ದೆಗಿಂತಲೂ ಹಳೆಯವು. ಮನೆಗಳಿರುವ ಅಲ್ಲಿಯ ಗ್ರಾಮಠಾಣವೇ ನೆರೆ ಬಯಲಿನೊಳಗಿದೆ. 2009ರ ನೆರೆಯ ಬಳಿಕ 'ಆಸರೆ' ಮನೆಗಳನ್ನು ಎತ್ತರದಲ್ಲಿ ಕಟ್ಟಿಕೊಟ್ಟರು. ಎತ್ತು ಕಟ್ಟಲು ಜಾಗವಿಲ್ಲ, ಮೇವಿನ ಬಣವೆಗೆ ಜಾಗವಿಲ್ಲ, ಹೊಲ ದೂರ. ಎಷ್ಟೋ ಜನ ಹಳೆಯ ಊರಿಗೇ ಮರಳಿದರು, 2019ರಲ್ಲಿ ಮತ್ತೆ ಮುಳುಗಿದರು. ಕೊಡಗಿನ ಕರಡಿಗೋಡು, ನೆಲ್ಲಿಹುದಿಕೇರಿಯಲ್ಲಿ ಕಾವೇರಿಯ ಅಂಚಿಗೆ ಬದುಕುವವರಲ್ಲಿ ಎಸ್ಟೇಟ್ ಕೂಲಿಯೇ ಆಧಾರವಾದವರು ಬಹಳ. ಇವರಿಗೆ "ಇಲ್ಲಿ ಕಟ್ಟಬಾರದು" ಎಂದು ಹೇಳುವ ಮೊದಲು ಎಲ್ಲಿ ಕಟ್ಟಬಹುದು, ಹೊಲಕ್ಕೆ ಎಷ್ಟು ದೂರ, ಹಕ್ಕುಪತ್ರ ಯಾವಾಗ ಎಂದು ಹೇಳಲೇಬೇಕು. ಹೊಸ ಬಡಾವಣೆಗೆ ನಿಷೇಧ, ಹಳೆಯ ಊರಿಗೆ ನೆರವು. ಎರಡಕ್ಕೂ ಒಂದೇ ನಿಯಮದ ಕೋಲು ಬೀಸಿದರೆ ಏಟು ಬೀಳುವುದು ಬಡವರಿಗೆ.

ಅಳತೆಗಳನ್ನು ಸಡಿಲಿಸುವ ಒತ್ತಡ ಮಾತ್ರ ನಿಂತಿಲ್ಲ. 2014ರ ಕೆರೆ ಸಂರಕ್ಷಣಾ ಕಾಯ್ದೆ ಎಲ್ಲ ಕೆರೆಗಳಿಗೂ 30 ಮೀಟರ್ ಎಂದಿತ್ತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅದನ್ನು ಇಳಿಸುವ ತಿದ್ದುಪಡಿ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ರಾಜಕಾಲುವೆಯ ಬಫರ್‌ನಲ್ಲಿ ರಸ್ತೆ ಮಾಡುವ ಯೋಜನೆಯೂ ಪ್ರಕಟವಾಗಿದೆ. ರಸ್ತೆ ಬಂದರೆ ಒತ್ತುವರಿ ತಡೆಯುತ್ತದೆ ಎಂಬ ವಾದದಲ್ಲಿ ಹುರುಳಿದೆ, ಆದರೆ ಡಾಂಬರು ನೀರು ಕುಡಿಯುವುದಿಲ್ಲ. ಸಣ್ಣ ಕೆರೆಗೆ ಸಣ್ಣ ಬಫರ್ ಸಾಕೆಂಬುದು ಕಣ್ಣಿಗೆ ಸರಿಕಾಣುತ್ತದೆ. ಆದರೆ ತನ್ನ ಮೇಲಿನ ದೊಡ್ಡ ಕೆರೆಯ ಕೋಡಿಯನ್ನು ಹೊರುವ ಸಣ್ಣ ಕಟ್ಟೆಯ ಪಾಡೇನು? ಅದರ ಭಾರ ಅದರ ಎಕರೆಯಲ್ಲಿಲ್ಲ, ಮೇಲಿಂದ ಬರುವ ನೀರಿನಲ್ಲಿದೆ.

ನಿವೇಶನ ನೋಡಲು ಹೊರಟವರು ಇವತ್ತಿಗೆ ಮಾಡಬಹುದಾದದ್ದು ಇಷ್ಟು. ಭೂಮಾಪನ ಇಲಾಖೆಯಿಂದ ಆ ಊರಿನ ಹಳೆಯ ಗ್ರಾಮ ನಕ್ಷೆ ತೆಗೆಸಿ. ಸರ್ವೆ ನಂಬರಿನ ಗೆರೆಗಳ ನಡುವೆ ಹಾವಿನಂತೆ ಹೊರಳುವ ಜೋಡಿ ಗೆರೆ ಕಂಡರೆ ಅದು ಹಳ್ಳ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಸಾಕು. ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ, ಯಾವ ಬಗೆಯದು ನೋಡಿ. ಮೂಲಪತ್ರದ ಚಕ್ಕುಬಂದಿಯನ್ನು ಇವತ್ತಿನದರೊಂದಿಗೆ ಇಟ್ಟು ಓದಿ. ಸಾಧ್ಯವಾದರೆ ಖಾಸಗಿ ಸರ್ವೆಯರನ್ನು ಕರೆಸಿ ಕಾಲುವೆಯ ತಳ, ರಸ್ತೆ, ನಿವೇಶನ ಮೂರರ ಮಟ್ಟವನ್ನೂ ಒಂದೇ ಸಲ ಹಿಡಿಸಿ. ಕೊಳ್ಳುವ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ. ಊರಿನ ಹಿರಿಯರನ್ನು "ಕೋಡಿ ಬಿದ್ದಾಗ ನೀರು ಯಾವ ಕಡೆ ಹೋಗುತ್ತಿತ್ತು?" ಎಂದು ಕೇಳಿ. ಅವರು ಕೈ ತೋರಿಸುವ ದಿಕ್ಕು ಯಾವ ದಾಖಲೆಯಲ್ಲೂ ಇರುವುದಿಲ್ಲ. ಈಗಾಗಲೇ ಕಟ್ಟಿದ್ದರೆ ಸಂಪಿನ ಬಾಯಿಯನ್ನು ನೆರೆ ಬಿಟ್ಟುಹೋದ ಗೆರೆಯ ಮೇಲಕ್ಕೆ ಎತ್ತಿಸಿ, ವಿದ್ಯುತ್ ಮೀಟರನ್ನೂ ಸ್ವಿಚ್ ಬೋರ್ಡುಗಳನ್ನೂ ಅದಕ್ಕಿಂತ ಮೇಲಿಡಿ, ತಗ್ಗಿನಲ್ಲಿ ನೆಲಮಾಳಿಗೆಯ ಆಸೆ ಬಿಡಿ. ಮಣ್ಣು ತುಂಬಿಸಿ ನಿವೇಶನ ಎತ್ತರಿಸುವ ಮೊದಲು ಪಕ್ಕದ ಮನೆಯ ಕಡೆ ಒಮ್ಮೆ ನೋಡಿ. ನಿಮ್ಮ ನೆಲ ಬಿಟ್ಟ ನೀರು ಹೋಗುವುದು ಅಲ್ಲಿಗೇ.

ಆದರೆ ಇದು ಕೊಳ್ಳುವವನೊಬ್ಬನ ಹೊಣೆಯಾಗಿ ಉಳಿಯಬಾರದು. ಬಡಾವಣೆ ಮಾಡಿದವನು ಮಾರಿ ಹೋಗಿರುತ್ತಾನೆ, ನಕ್ಷೆ ಮಂಜೂರು ಮಾಡಿದವರು ವರ್ಗವಾಗಿರುತ್ತಾರೆ, ಕಡೆಗೆ ಮನೆಯೊಳಗೆ ಇರುವವನ ತಲೆಯ ಮೇಲೆ ಎಲ್ಲವೂ ಬೀಳುತ್ತದೆ. ಕರಾವಳಿಯಲ್ಲಿ ಸಮುದ್ರದ ನೀರು ಏರಿ ಮುಟ್ಟುವ ಭರತರೇಖೆಯನ್ನು ಸರ್ಕಾರವೇ ಗುರುತಿಸಿ, 1991ರಿಂದಲೂ ಅದರಿಂದ ಅಳೆದೇ ಕಟ್ಟಡಕ್ಕೆ ಹೌದು ಅಲ್ಲ ಹೇಳುತ್ತಿದೆ. ಅದೇ ಕೆಲಸ ಒಳನಾಡಿನ ಹೊಳೆಗೂ ಹಳ್ಳಕ್ಕೂ ಆಗಬೇಕು. ನೆರೆರೇಖೆ ಎಳೆದು, ಅದರ ಮಟ್ಟವನ್ನು ಸಮುದ್ರಮಟ್ಟದ ಲೆಕ್ಕದಲ್ಲಿ ಇ-ಖಾತೆಯ ಹಾಳೆಯ ಮೇಲೆಯೇ ಮುದ್ರಿಸಬೇಕು, ಮಾಲೀಕರ ಹೆಸರು, ವಿಸ್ತೀರ್ಣಗಳ ಪಕ್ಕದಲ್ಲಿ. ಮಂಜೂರಾಗುವ ನಕ್ಷೆಯ ಸೊನ್ನೆ ಆ ಮಟ್ಟಕ್ಕೆ ಕಟ್ಟಿರಬೇಕು. ಬಡಾವಣೆಯ ಅನುಮೋದನೆಗೆ ಮೂಲಪತ್ರದ ಚಕ್ಕುಬಂದಿಯಲ್ಲಿದ್ದ ಹಳ್ಳ, ತೋಡು, ಕೋಡಿ ಎಲ್ಲವೂ ಹೊಸ ನಕ್ಷೆಯಲ್ಲಿ ಎಲ್ಲಿ ಹೋದವು ಎಂಬ ಲೆಕ್ಕ ಒಪ್ಪಿಸಬೇಕು. ಇದರಿಂದ ನಿವೇಶನಗಳ ಬೆಲೆ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಇಳಿಯಲಿ. ಈಗಿರುವ ಬೆಲೆಯಲ್ಲಿ ಹಳ್ಳದ ಮಾತು ಮುಚ್ಚಿಟ್ಟದ್ದರ ಪಾಲೂ ಇದೆ.

ಮೇಷ್ಟ್ರ ಮನೆಯ ಪಕ್ಕದ ನಿವೇಶನ ಇನ್ನೂ ಖಾಲಿಯಿದೆ, ಬೇಲಿಗೆ ಮಾರಾಟದ ಫಲಕ ಕಟ್ಟಿದೆ. ಭಾನುವಾರಗಳಂದು ಗಂಡ ಹೆಂಡತಿ, ಕೆಲವೊಮ್ಮೆ ಜೊತೆಗೆ ವಯಸ್ಸಾದ ತಂದೆತಾಯಿ, ನೋಡಲು ಬರುತ್ತಾರೆ. ಮೇಷ್ಟ್ರು ಗೇಟಿನ ಬಳಿ ಹೋಗಿ ಅವರನ್ನು ಒಳಗೆ ಕರೆಯುತ್ತಾರೆ. ಅಡುಗೆಮನೆಯ ಗೋಡೆಗೆ ಅವರು ಇನ್ನೂ ಸುಣ್ಣ ಹೊಡೆಸಿಲ್ಲ. ಮೊದಲು ಆ ಗೆರೆ ತೋರಿಸುತ್ತಾರೆ, ಆಮೇಲೆ ಫೈಲು ಇಳಿಸಿ ಮೂಲಪತ್ರದ ಆ ಸಾಲಿನ ಮೇಲೆ ಬೆರಳಿಟ್ಟು ಓದಿಸುತ್ತಾರೆ.